ಡೋಪ್ ಮಾಡಿದ ಹೆಕ್ಸಾಫೆರೈಟ್ ಕೈಕೊಟ್ಟಾಗ: ಡೋಪೆಂಟ್ ಮೇಲೆ ಗೂಬೆ ಕೂರಿಸೋ ಮುಂಚೆ ಏನೇನು ನೋಡ್ಬೇಕು

ಬೇರಿಯಂ ಅಥವಾ ಸ್ಟ್ರಾಂಷಿಯಂ ಹೆಕ್ಸಾಫೆರೈಟ್‌ಗೆ (ಕಬ್ಬಿಣದ ಆಕ್ಸೈಡ್ ಮೂಲದ ಮ್ಯಾಗ್ನೆಟ್ ವಸ್ತು) ಅಲ್ಯೂಮಿನಿಯಂ, ಕೋಬಾಲ್ಟ್-ಟೈಟೇನಿಯಂ, ಲ್ಯಾಂಥನಮ್, ಸತು ಅಂತ ಏನೋ ಒಂದು ಡೋಪೆಂಟ್ (ಬೇಕಂತಲೇ ಬೆರೆಸೋ ಬೇರೆ ಲೋಹ) ಸೇರಿಸಿ ಸ್ಯಾಂಪಲ್ ಮಾಡಿರ್ತೀರ, ವಿಎಸ್‌ಎಂ (ಮ್ಯಾಗ್ನೆಟೈಸೇಶನ್ ಅಳೆಯೋ ಮೆಷಿನ್) ಲೂಪ್ ಕೈಗೆ ಬಂದಾಗ ಸ್ಯಾಚುರೇಶನ್ (ಎಂಎಸ್, ಅಂದ್ರೆ ಗರಿಷ್ಠ ಮ್ಯಾಗ್ನೆಟೈಸೇಶನ್) ಪಾತಾಳಕ್ಕೆ ಹೋಗಿರತ್ತೆ, ಇಲ್ಲಾ ಕೊಯರ್ಸಿವಿಟಿ (ಎಚ್‌ಸಿ, ಮ್ಯಾಗ್ನೆಟೈಸೇಶನ್ ಸೊನ್ನೆ ಮಾಡೋಕೆ ಬೇಕಾದ ಉಲ್ಟಾ ಫೀಲ್ಡ್) ಅರ್ಧ ಆಗಿರತ್ತೆ, ಇಲ್ಲಾ ಲೂಪ್ ನಡು ಸೊಂಟದಲ್ಲಿ ಸಣ್ಣ ಆಗಿರತ್ತೆ. ತಕ್ಷಣ ಎಲ್ರೂ ಬರೆಯೋದು ಒಂದೇ ಮಾತು, "ಡೋಪೆಂಟ್ ಅಯಾನು ಇಂಥಾ ಸೈಟ್‌ಗೆ ಹೋಗಿದ್ದರಿಂದ ಹೀಗಾಯ್ತು" ಅಂತ (ಸೈಟ್ ಅಂದ್ರೆ ಹರಳಿನೊಳಗೆ ಅಯಾನು ಕೂರೋ ಜಾಗ). ಇರಬಹುದು. ಆದ್ರೆ ಅಳತೆ, ಬೇರೆ ಫೇಸ್ (ಬೇಡದ ಇನ್ನೊಂದು ಸಂಯುಕ್ತ), ಗ್ರೈನ್ (ಹರಳಿನ ಕಣ) ಸೈಜ್, ತೂಕದ ತಪ್ಪು ಈ ನಾಲ್ಕೂ ಅದೇ ರೋಗಲಕ್ಷಣ ತೋರಿಸ್ತಾವೆ, ಅವನ್ನ ಒಂದೊಂದಾಗಿ ಹೊರಗೆ ಹಾಕ್ದೇ ಸೈಟ್ ಕಥೆ ಹೇಳೋದ್ರಲ್ಲಿ ಅರ್ಥ ಇಲ್ಲ.

ಮೊದಲನೇ ಕೆಲಸ, ಏನೂ ಡೋಪ್ ಮಾಡದ ಒಂದು ಸ್ಯಾಂಪಲ್ ಅದೇ ಕಚ್ಚಾವಸ್ತುವಿನಿಂದ, ಅದೇ ಮಿಲ್‌ನಲ್ಲಿ ಅರೆದು, ಅದೇ ಫರ್ನೇಸ್‌ನಲ್ಲಿ ಡೋಪ್ ಮಾಡಿದ್ದರ ಪಕ್ಕದಲ್ಲೇ ಇಟ್ಟು ಸುಟ್ಟು ತೆಗೀಬೇಕು. ಪುಸ್ತಕದಲ್ಲಿರೋ ಎಂಎಸ್ ಜೊತೆ ಹೋಲಿಸೋದು ಬೇಡ, ಇದರ ಜೊತೆ ಹೋಲಿಸಿ. ಈ ಸಾದಾ ಸ್ಯಾಂಪಲ್ಲೇ ಕೆಟ್ಟಿದ್ರೆ ಡೋಪೆಂಟ್ ಪಾಪ ನಿರಪರಾಧಿ.

ಸ್ವಲ್ಪ ಹಿನ್ನೆಲೆ, ಇದಿಲ್ದೆ ಮುಂದಿನದು ತಲೆಗೆ ಹತ್ತಲ್ಲ

ಎಂ-ಟೈಪ್‌ನಲ್ಲಿ (ಇಲ್ಲಿ ಮಾತಾಡ್ತಿರೋ ಹೆಕ್ಸಾಫೆರೈಟ್ ಇದೇ) ಒಂದು ಬೇರಿಯಂಗೆ ಹನ್ನೆರಡು ಫೆರಿಕ್ ಅಯಾನು, ಹತ್ತೊಂಬತ್ತು ಆಕ್ಸಿಜನ್. ಆ ಹನ್ನೆರಡು ಕಬ್ಬಿಣ ಐದು ಥರದ ಜಾಗದಲ್ಲಿ ಹಂಚಿಕೊಂಡಿರ್ತಾವೆ: 12ಕೆ ಯಲ್ಲಿ ಆರು, 2ಎ ನಲ್ಲಿ ಒಂದು, 2ಬಿ ನಲ್ಲಿ ಒಂದು, ಇವೆಲ್ಲ ಸ್ಪಿನ್ ಮೇಲಕ್ಕೆ. 4ಎಫ್1 ರಲ್ಲಿ ಎರಡು, 4ಎಫ್2 ರಲ್ಲಿ ಎರಡು, ಇವು ಕೆಳಕ್ಕೆ. ಹಗ್ಗಜಗ್ಗಾಟ ಅನ್ಕೊಳ್ಳಿ, ಒಂದು ಕಡೆ ಎಂಟು ಜನ, ಇನ್ನೊಂದು ಕಡೆ ನಾಲ್ಕು ಜನ, ಗೆಲ್ಲೋ ಕಡೆಯಿಂದ ಒಬ್ಬನ್ನ ತೆಗೆದ್ರೆ ಎಳೆತ ಕಮ್ಮಿ, ಸೋಲೋ ಕಡೆಯಿಂದ ತೆಗೆದ್ರೆ ಎಳೆತ ಜಾಸ್ತಿ. ಒಂದೊಂದು ಫೆರಿಕ್ ಅಯಾನಿಗೆ 5 ಬೋರ್ ಮ್ಯಾಗ್ನೆಟಾನ್ (ಅಯಾನಿನ ಮ್ಯಾಗ್ನೆಟಿಕ್ ಬಲ ಅಳೆಯೋ ಯೂನಿಟ್), ಉಳಿಯೋದು ನಾಲ್ಕು ಅಯಾನಿನಷ್ಟು, ಅಂದ್ರೆ ಫಾರ್ಮುಲಾ ಯೂನಿಟ್‌ಗೆ 20. ಇದು ಸೊನ್ನೆ ಕೆಲ್ವಿನ್ ಲೆಕ್ಕ, ಗ್ರಾಂಗೆ ಹಾಕಿದ್ರೆ ಬೇರಿಯಂದಕ್ಕೆ ಸುಮಾರು 100 ಇಎಂಯು (ಮ್ಯಾಗ್ನೆಟೈಸೇಶನ್ ಅಳೆಯೋ ಯೂನಿಟ್). ರೂಮ್ ಟೆಂಪರೇಚರ್‌ನಲ್ಲಿ ಅದು ಸುಮಾರು 72ಕ್ಕೆ ಇಳಿದಿರತ್ತೆ, ಕ್ಯೂರಿ ತಾಪಮಾನ (ಮ್ಯಾಗ್ನೆಟ್ ಗುಣ ಸತ್ತೋಗೋ ಬಿಸಿ) ಸುಮಾರು 450 °ಸೆ.

ಇನ್ನೊಂದು ವಿಷಯ 2ಬಿ. ಐದು ಆಕ್ಸಿಜನ್ ನಡುವೆ ಕೂತಿರೋ ವಿಚಿತ್ರ ಜಾಗ ಅದು, ಸಿ-ಅಕ್ಷದ (ಹರಳಿನ ಒಂದು ಮುಖ್ಯ ದಿಕ್ಕು) ಕಡೆಗಿನ ಅನೈಸೊಟ್ರೋಪಿಗೆ (ಮ್ಯಾಗ್ನೆಟೈಸೇಶನ್ ಒಂದೇ ದಿಕ್ಕಿಗೆ ಅಂಟ್ಕೊಳ್ಳೋ ಗುಣ) ಅದರ ಕೊಡುಗೆ ತುಂಬಾ ದೊಡ್ಡದು, ಆದ್ರೆ ಅಲ್ಲಿರೋದು ಹನ್ನೆರಡರಲ್ಲಿ ಒಂದೇ ಅಯಾನು. ಹಾಗಾಗಿ ಡೋಪೆಂಟ್ 2ಬಿ ಕಡೆ ಕೈ ಹಾಕಿದ್ರೆ ಎಂಎಸ್ ಅಷ್ಟೇನೂ ಅಲ್ಲಾಡದೇ ಅನೈಸೊಟ್ರೋಪಿ ಫೀಲ್ಡ್ (ಎಚ್‌ಎ, ಆ ದಿಕ್ಕಿಂದ ಪೂರ್ತಿ ತಿರುಗಿಸೋಕೆ ಬೇಕಾದ ಫೀಲ್ಡ್) ಧಡಕ್ಕಂತ ಬೀಳಬಹುದು.

ಎಂಎಸ್ ಕಮ್ಮಿ ಬಂದಿದೆ

ಮೊದಲು ಅಳತೆ ನೋಡಿ. ಶುದ್ಧ ಬೇರಿಯಂ ಹೆಕ್ಸಾಫೆರೈಟ್‌ನ ಎಚ್‌ಎ ಸುಮಾರು 17 ಕಿಲೋ ಓರ್‌ಸ್ಟೆಡ್, ನಿಮ್ಮ ವಿಎಸ್‌ಎಂ ಹೋಗೋದು 15ರ ತನಕ ಅಂದ್ರೆ ಸ್ಯಾಚುರೇಶನ್ ಆಗಿಲ್ಲ, ಆಗೋಕೂ ಸಾಧ್ಯ ಇಲ್ಲ. ಲಾ ಆಫ್ ಅಪ್ರೋಚ್ (ಸ್ಯಾಚುರೇಶನ್‌ಗೆ ಎಷ್ಟು ಹತ್ತಿರ ಬಂದಿದೆ ಅನ್ನೋ ಸೂತ್ರ) ಪ್ರಕಾರ ಅಡ್ಡಾದಿಡ್ಡಿ ಕೂತಿರೋ ಪುಡಿಯಲ್ಲಿ ಕೊರತೆ ಹೆಚ್ಚುಕಮ್ಮಿ ಎಚ್‌ಎ ವರ್ಗವನ್ನ 15ರಿಂದ ಭಾಗಿಸಿ, ಮತ್ತೆ ಹಾಕಿದ ಫೀಲ್ಡ್‌ನ ವರ್ಗದಿಂದ ಭಾಗಿಸಿದಷ್ಟು. 17ಕ್ಕೆ ಲೆಕ್ಕ ಹಾಕಿ: 289 ಭಾಗಿಸು 15 ಅಂದ್ರೆ 19.3, ಅದನ್ನ 225ರಿಂದ ಭಾಗಿಸಿದ್ರೆ ಸುಮಾರು 0.086. ಅಂದ್ರೆ 15 ಕಿಲೋ ಓರ್‌ಸ್ಟೆಡ್‌ನಲ್ಲಿ ಓದಿದ ಬೆಲೆ ನಿಜವಾದ ಎಂಎಸ್‌ಗಿಂತ ಎಂಟೂವರೆ ಪರ್ಸೆಂಟ್ ಕಮ್ಮಿ, 72 ಇರ್ಬೇಕಾದ್ದು 66 ಅಂತ ಕಾಣತ್ತೆ. ಈಗ ಅಲ್ಯೂಮಿನಿಯಂ ಹಾಕಿ ಎಚ್‌ಎ 25ಕ್ಕೆ ಏರಿದೆ ಅನ್ಕೊಳ್ಳಿ, ಅದೇ ಲೆಕ್ಕ 18 ಪರ್ಸೆಂಟ್ ದಾಟತ್ತೆ (ಫೀಲ್ಡ್ ಎಚ್‌ಎಗಿಂತ ಇಷ್ಟು ಕೆಳಗಿದ್ದಾಗ ಈ ಸೂತ್ರವನ್ನ ಅಕ್ಷರಶಃ ನಂಬೋ ಹಾಗಿಲ್ಲ, ಆದ್ರೆ ದಿಕ್ಕು ಸರಿ). ಅಂದ್ರೆ ಎಕ್ಸ್ (ಫಾರ್ಮುಲಾಗೆ ಎಷ್ಟು ಡೋಪೆಂಟ್ ಅನ್ನೋದು) ಜಾಸ್ತಿ ಆದಂಗೆ ಎಂಎಸ್ ಬೀಳೋದ್ರಲ್ಲಿ ಒಂದು ಪಾಲು ಮೆಷಿನ್‌ನ ಮಿತಿ, ಅದನ್ನ "ನಾನ್-ಮ್ಯಾಗ್ನೆಟಿಕ್ ಡೈಲ್ಯೂಶನ್" ಅಂತ ಬರೆದ್ರೆ ತಪ್ಪಾಗತ್ತೆ. ಲೂಪ್‌ನ ತುದಿ ಇನ್ನೂ ಏರ್ತಾ ಇದ್ಯಾ ನೋಡಿ, ಏರ್ತಾ ಇದ್ರೆ 50 ಕಿಲೋ ಓರ್‌ಸ್ಟೆಡ್‌ನಷ್ಟಾದ್ರೂ ಕೊಡೋ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇರೋ ಕಡೆ ಅಳೆಸಿ, ಅದು ಸಿಗದಿದ್ರೆ ಕನಿಷ್ಠ "15ರಲ್ಲಿ ಓದಿದ ಬೆಲೆ" ಅಂತ ಪ್ರಾಮಾಣಿಕವಾಗಿ ಬರೀರಿ.

ಹಾಗೇ ನಿಕಲ್ ಸ್ಟ್ಯಾಂಡರ್ಡ್ ಹಾಕಿ ಕ್ಯಾಲಿಬ್ರೇಶನ್ ನೋಡಿ, ರೂಮ್ ಟೆಂಪರೇಚರ್‌ನಲ್ಲಿ ಗ್ರಾಂಗೆ 55 ಇಎಂಯು ಆಸುಪಾಸು ಬರ್ಬೇಕು. ಖಾಲಿ ಹೋಲ್ಡರ್ ಸಿಗ್ನಲ್ ಕಳೀರಿ. ಕೆಲವೇ ಮಿಲಿಗ್ರಾಂ ಪುಡಿ ತೂಗುವಾಗ ತಕ್ಕಡಿ ತಪ್ಪೂ ಸೇರ್ಕೊಳ್ಳತ್ತೆ.

ಅಳತೆ ಸರಿ ಇದೆ ಅಂದ್ಮೇಲೆ ಎಕ್ಸ್‌ಆರ್‌ಡಿ (ಎಕ್ಸ್‌ರೇಯಿಂದ ಹರಳಿನ ರಚನೆ ನೋಡೋದು). ತಾಮ್ರದ ಕೆ-ಆಲ್ಫಾ ಎಕ್ಸ್‌ರೇಯಲ್ಲಿ ಎಂ-ಫೇಸ್‌ನ ದೊಡ್ಡ ಪೀಕ್‌ಗಳು 32.2° ಮತ್ತು 34.1° ಹತ್ತಿರ. ಅವೆರಡರ ಮಧ್ಯೆ 33.15°ಯಲ್ಲಿ ಏನಾದ್ರೂ ತಲೆ ಎತ್ತಿದ್ರೆ ಅದು ಹೆಮಟೈಟ್ (ಕಬ್ಬಿಣದ ಆಕ್ಸೈಡ್), ಕಬ್ಬಿಣ ಪೂರ್ತಿ ರಿಯಾಕ್ಟ್ ಆಗಿಲ್ಲ ಅಂತ ಅರ್ಥ. ಹೆಮಟೈಟ್ ಹತ್ತಿರ ಮ್ಯಾಗ್ನೆಟೈಸೇಶನ್ ಇಲ್ಲ ಅನ್ನೋಷ್ಟು ಕಮ್ಮಿ, ತೂಕದಲ್ಲಿ 10 ಪರ್ಸೆಂಟ್ ಅದೇ ಇದ್ರೆ 72 ನೇರ 65ಕ್ಕೆ ಬಂತು, ಯಾವ ಸೈಟ್ ಥಿಯರಿಯೂ ಬೇಕಿಲ್ಲ. 28.4° ಹತ್ತಿರ ಪೀಕ್ ಇದ್ರೆ ಬೇರಿಯಂ ಮೊನೊಫೆರೈಟ್ (ಬೇರಿಯಂ ಪಾಲು ಹೆಚ್ಚಿರೋ ಇನ್ನೊಂದು ಸಂಯುಕ್ತ) ಮೇಲೆ ಅನುಮಾನ ಇಡಿ, ಅದೂ ರೂಮ್ ಟೆಂಪರೇಚರ್‌ನಲ್ಲಿ ಮ್ಯಾಗ್ನೆಟ್ ಅಲ್ಲ. ಎರಡೂ ಒಟ್ಟಿಗೆ ಕಂಡ್ರೆ ಬೇಯಿಸಿದ್ದು ಸಾಲ್ದು, ಟೆಂಪರೇಚರ್ ಅಥವಾ ಟೈಮ್ ಜಾಸ್ತಿ ಮಾಡಿ, ಮಧ್ಯೆ ಒಂದ್ಸಲ ತೆಗೆದು ಅರೆದು ಮತ್ತೆ ಸುಡಿ. ಹೆಮಟೈಟ್ ಮಾತ್ರ ಕಂಡ್ರೆ ಬೇರಿಯಂ ಕಮ್ಮಿ ಬಿದ್ದಿದೆ, ಕೋ-ಪ್ರೆಸಿಪಿಟೇಶನ್‌ನಲ್ಲಿ (ದ್ರಾವಣದಿಂದ ಎಲ್ಲ ಲೋಹ ಒಟ್ಟಿಗೆ ಗಸಿಯಾಗಿ ಇಳಿಸೋ ವಿಧಾನ) ಇದು ಮಾಮೂಲು, ತೊಳೆಯುವಾಗ ಬೇರಿಯಂ ನೀರಿನ ಜೊತೆ ಹೋಗ್ಬಿಡತ್ತೆ, ಅದಕ್ಕೇ ವೆಟ್ ಕೆಮಿಕಲ್ ದಾರಿಯಲ್ಲಿ ಕಬ್ಬಿಣ-ಬೇರಿಯಂ ರೇಶಿಯೋ 12 ಇಡದೇ 11ರ ಹತ್ತಿರ ಅಥವಾ ಇನ್ನೂ ಕೆಳಗೆ ಇಟ್ಕೊಳ್ಳೋದು. ಮೊನೊಫೆರೈಟ್ ಮಾತ್ರ ಕಂಡ್ರೆ ಉಲ್ಟಾ, ಕಬ್ಬಿಣ ಕಮ್ಮಿ. ಫೆರಿಕ್ ನೈಟ್ರೇಟ್ ಬಾಟಲಿ ನೋಡಿ, ಹರಳು ಒದ್ದೆ ಒದ್ದೆಯಾಗಿ ಅಂಟ್ಕೊಂಡಿದ್ರೆ ನೀರು ಹೀರಿದೆ, ಬರೀ 3 ಪರ್ಸೆಂಟ್ ನೀರು ಹೆಚ್ಚು ಸೇರಿದ್ರೂ 12 ಇರ್ಬೇಕಾದ ಕಬ್ಬಿಣ 11.64 ಆಗತ್ತೆ.

ಫೇಸ್ ಕ್ಲೀನ್ ಇದೆ ಅಂದ್ರೂ ಡೋಪೆಂಟ್ ಒಳಗೆ ಹೋಗಿದ್ಯಾ ಅನ್ನೋದು ಬೇರೆ ಪ್ರಶ್ನೆ. ಲ್ಯಾಟಿಸ್ ಪ್ಯಾರಾಮೀಟರ್ (ಹರಳಿನ ಮೂಲ ಘಟಕದ ಅಳತೆಗಳು, ಎ ಮತ್ತು ಸಿ) ಎಕ್ಸ್ ಜೊತೆ ಕದಲ್ಬೇಕು. ಅಲ್ಯೂಮಿನಿಯಂ ರೇಡಿಯಸ್ 0.535 ಆಂಗ್‌ಸ್ಟ್ರಾಂ, ಅದೇ ಥರದ ಜಾಗದಲ್ಲಿ ಫೆರಿಕ್ ಅಯಾನಿಂದು 0.645, ಅಂದ್ರೆ ಎ ಮತ್ತು ಸಿ ಎರಡೂ ಕುಗ್ಗಬೇಕು. ಇಂಡಿಯಂ 0.80, ಹಿಗ್ಗಬೇಕು. ಕೋಬಾಲ್ಟ್-ಟೈಟೇನಿಯಂ ಜೋಡಿಯ ಸರಾಸರಿ 0.675, ಸ್ವಲ್ಪವೇ ಸ್ವಲ್ಪ ಹಿಗ್ಗತ್ತೆ. ಎಕ್ಸ್ 0ಯಿಂದ 1ಕ್ಕೆ ಹೋದ್ರೂ ಅಲ್ಯೂಮಿನಿಯಂ ಸ್ಯಾಂಪಲ್‌ನ ಸಿ ಬೆಲೆ ಕಲ್ಲು ಬಂಡೆ ಥರ ಅಲ್ಲೇ ಇದ್ರೆ, ಅಲ್ಯೂಮಿನಿಯಂ ಗ್ರೈನ್ ಸಂದಿಯಲ್ಲೆಲ್ಲೋ ಆರಾಮಾಗಿ ಕೂತಿದೆ.

ಇಷ್ಟೂ ಪಾಸ್ ಆದ್ಮೇಲೆ ಸೈಟ್ ಬಗ್ಗೆ ಮಾತಾಡಿ. ಅಲ್ಯೂಮಿನಿಯಂ ಹೆಚ್ಚಾಗಿ 2ಎ, 12ಕೆ ಕಡೆ ಹೋಗತ್ತೆ, ಅವು ಮೇಲ್ಮುಖ ಸ್ಪಿನ್, ಹಾಗಾಗಿ ಎಂಎಸ್ ಬೀಳೋದು ಸಹಜ ಗುಣ, ದೋಷ ಅಲ್ಲ. ಲೆಕ್ಕ ಹಾಕಿ ನೋಡಿ: ಫಾರ್ಮುಲಾಗೆ ಒಂದು ಅಲ್ಯೂಮಿನಿಯಂ ಮೇಲ್ಮುಖ ಜಾಗಕ್ಕೇ ಹೋದ್ರೆ 20 ಇದ್ದದ್ದು 15, ಅಣುತೂಕ 1111.5ರಿಂದ 1082.6ಕ್ಕೆ ಇಳಿಯತ್ತೆ, 15ನ್ನ 5585ರಿಂದ ಗುಣಿಸಿ 1082.6ರಿಂದ ಭಾಗಿಸಿದ್ರೆ ಸೊನ್ನೆ ಕೆಲ್ವಿನ್‌ನಲ್ಲಿ ಗ್ರಾಂಗೆ ಸುಮಾರು 77 ಇಎಂಯು. ಕಡಿಮೆ ಟೆಂಪರೇಚರ್ ಅಳತೆ ಇದಕ್ಕಿಂತ ತುಂಬಾ ಕೆಳಗೆ ಬಂದ್ರೆ ಇನ್ನೇನೋ ನಡೀತಿದೆ. ರೂಮ್ ಟೆಂಪರೇಚರ್ ಬೆಲೆಯನ್ನ ಈ ಲೆಕ್ಕದ ಜೊತೆ ನೇರವಾಗಿ ಹೋಲಿಸ್ಬೇಡಿ, ಡೋಪ್ ಮಾಡಿದಾಗ ಕ್ಯೂರಿ ತಾಪಮಾನನೂ ಇಳಿಯತ್ತೆ, ಅದರಿಂದಲೇ ರೂಮ್ ಟೆಂಪರೇಚರ್‌ನಲ್ಲಿ ಇನ್ನಷ್ಟು ಕಮ್ಮಿ ಕಾಣತ್ತೆ.

ಸತು ಇದಕ್ಕೆ ವಿರುದ್ಧ. ಅದಕ್ಕೆ ನಾಲ್ಕು ಆಕ್ಸಿಜನ್ ಇರೋ 4ಎಫ್1 ಇಷ್ಟ, ಅದು ಕೆಳಮುಖ ಸ್ಪಿನ್, ಹಾಗಾಗಿ ಲ್ಯಾಂಥನಮ್-ಸತು ಜೋಡಿಯಲ್ಲಿ ಎಂಎಸ್ ಮೊದಮೊದಲು ಏರ್ಬೇಕು. ಏರಿ ಆಮೇಲೆ ಇಳಿದ್ರೆ ಗಾಬರಿ ಬೇಡ, 12ಕೆ ಸ್ಪಿನ್‌ಗಳನ್ನ ನೆಟ್ಟಗೆ ಹಿಡ್ಕೊಂಡಿರೋದೇ 4ಎಫ್ ಜಾಗದ ಕಬ್ಬಿಣದ ಜೊತೆಗಿನ ಸೂಪರ್‌ಎಕ್ಸ್‌ಚೇಂಜ್ (ಮಧ್ಯದ ಆಕ್ಸಿಜನ್ ಮೂಲಕ ಸ್ಪಿನ್‌ಗಳ ಹಿಡಿತ), ಆ ಕಬ್ಬಿಣ ಖಾಲಿ ಆಗ್ತಾ ಹೋದಂಗೆ 12ಕೆ ಸ್ಪಿನ್ ವಾಲೋಕೆ ಶುರು ಮಾಡತ್ತೆ. ಮೊದಲ ಹೆಜ್ಜೆಯಿಂದಲೇ ಇಳಿದ್ರೆ ಮಾತ್ರ ಸತು ಎಲ್ಲಿ ಹೋಯ್ತು ಅಂತ ಹುಡುಕಿ, ಸತು ಸ್ಪಿನೆಲ್ (ಬೇರೆ ರಚನೆಯ ಫೆರೈಟ್) ಆಗಿ ಬೇರೆ ನಿಂತಿರೋ ಸಾಧ್ಯತೆ ಇದೆ.

ಸೈಟ್ ಖಚಿತ ಮಾಡ್ಕೊಳ್ಳೋಕೆ ಮಾಮೂಲಿ ಲ್ಯಾಬ್ ಎಕ್ಸ್‌ಆರ್‌ಡಿ ರೀಟ್‌ವೆಲ್ಡ್ (ಪೂರ್ತಿ ಪ್ಯಾಟರ್ನ್‌ಗೆ ಹರಳಿನ ಮಾದರಿ ಫಿಟ್ ಮಾಡೋದು) ಮೇಲೆ ಭಾರ ಹಾಕ್ಬೇಡಿ. ಕಬ್ಬಿಣ, ಕೋಬಾಲ್ಟ್ ಎಲೆಕ್ಟ್ರಾನ್ ಲೆಕ್ಕದಲ್ಲಿ ಅಕ್ಕಪಕ್ಕದವು, ಎಕ್ಸ್‌ರೇ ಅವನ್ನ ಬೇರೆ ಮಾಡಿ ನೋಡಲ್ಲ, ಮೇಲಿಂದ ಈ ಹರಳುಗಳು ಚಪ್ಪಟೆ ತಟ್ಟೆ ಥರ ಇರೋದ್ರಿಂದ ಹೋಲ್ಡರ್‌ನಲ್ಲಿ ಒತ್ತಿದ ಕೂಡಲೇ ಮಲಗಿ ಕೆಲವು ಪೀಕ್ ಸುಮ್ಸುಮ್ನೆ ಎತ್ತರ ಆಗ್ತಾವೆ. ಮಾಸ್‌ಬೌರ್ (ಗಾಮಾ ಕಿರಣದಿಂದ ಕಬ್ಬಿಣ ಯಾವ ಜಾಗದಲ್ಲಿದೆ ನೋಡೋ ತಂತ್ರ) ಸಿಕ್ಕಿದ್ರೆ ಬಂಗಾರ. ಡೋಪ್ ಮಾಡದ ಸ್ಯಾಂಪಲ್‌ನಲ್ಲಿ ಐದು ಸೆಕ್ಸ್‌ಟೆಟ್ (ಆರು ಗೆರೆಯ ಗುಂಪು, ಜಾಗಕ್ಕೊಂದು), ಏರಿಯಾ ಹೆಚ್ಚುಕಮ್ಮಿ 6:2:2:1:1. 2ಬಿ ಯನ್ನ ಗುರುತಿಸೋದು ಸುಲಭ, ಅದರ ಕ್ವಾಡ್ರುಪೋಲ್ ಸ್ಪ್ಲಿಟಿಂಗ್ ಸೆಕೆಂಡಿಗೆ 2 ಮಿಲಿಮೀಟರ್ ದಾಟಿರತ್ತೆ, ಬೇರೆ ಯಾವುದಕ್ಕೂ ಅಷ್ಟಿಲ್ಲ. ಡೋಪ್ ಮಾಡಿದ್ಮೇಲೆ 12ಕೆ ಒಡೆದು ಎರಡು-ಮೂರು ಆಗತ್ತೆ, ಅದನ್ನ ಹಠ ಹಿಡಿದು ಐದೇ ಸೆಕ್ಸ್‌ಟೆಟ್‌ಗೆ ಫಿಟ್ ಮಾಡಿದ್ರೆ ಸಾಫ್ಟ್‌ವೇರ್ ಏನೋ ಒಂದು ನಂಬರ್ ಕೊಡತ್ತೆ, ಆ ನಂಬರ್‌ಗೆ ಕಾಸಿನ ಬೆಲೆ ಇಲ್ಲ.

ಎಚ್‌ಸಿ ಬಿದ್ದಿದೆ

ಇಲ್ಲಿ ಕೇಳ್ಬೇಕಾದ ಪ್ರಶ್ನೆ ಒಂದೇ: ಎಚ್‌ಎ ಬಿತ್ತಾ, ಇಲ್ಲಾ ಎಚ್‌ಸಿ ಮಾತ್ರ ಬಿತ್ತಾ? ಎಚ್‌ಎ ವಸ್ತುವಿನ ಗುಣ, ಎಚ್‌ಸಿ ಅದರ ಜೊತೆಗೆ ಗ್ರೈನ್ ಸೈಜ್, ಡಿಫೆಕ್ಟ್ ಎಲ್ಲದರ ಮೇಲೂ ನಿಂತಿರತ್ತೆ. ಹೈ-ಫೀಲ್ಡ್ ಡೇಟಾ ಇದ್ರೆ ಲಾ ಆಫ್ ಅಪ್ರೋಚ್ ಫಿಟ್ ಮಾಡಿ ಎಚ್‌ಎ ತೆಗೀಬಹುದು, ಇಲ್ಲಾ ಮ್ಯಾಗ್ನೆಟೈಸೇಶನ್‌ನ ಎರಡನೇ ಡೆರಿವೇಟಿವ್‌ನಲ್ಲಿ ಎಚ್‌ಎ ಹತ್ತಿರ ಒಂದು ಮೊನೆ ಕಾಣತ್ತೆ, ಅದನ್ನ ಹಿಡೀಬಹುದು. ಮೈಕ್ರೋವೇವ್ ಸೆಟಪ್ ಇರೋರಿಗೆ ಇನ್ನೂ ಸಲೀಸು, ರೆಸೊನೆನ್ಸ್ ಫ್ರೀಕ್ವೆನ್ಸಿ ಕಿಲೋ ಓರ್‌ಸ್ಟೆಡ್‌ಗೆ 2.8 ಗಿಗಾಹರ್ಟ್ಸ್ ಲೆಕ್ಕದಲ್ಲಿ 17ಕ್ಕೆ 47-48 ಗಿಗಾಹರ್ಟ್ಸ್, ಅದು ಕೆಳಗೆ ಜಾರಿದ್ರೆ ಎಚ್‌ಎ ಜಾರಿದೆ.

ಎಚ್‌ಎ ಸಮೇತ ಬಿದ್ದಿದ್ರೆ, ಅದೂ ಕೋಬಾಲ್ಟ್-ಟೈಟೇನಿಯಂ ಸ್ಯಾಂಪಲ್ ಆಗಿದ್ರೆ, ಅದು ದೋಷವೇ ಅಲ್ಲ. ಆ ಜೋಡಿಯ ಕೆಲಸವೇ ಅದು. ಫಾರ್ಮುಲಾಗೆ ಕೋಬಾಲ್ಟ್ 1 ದಾಟಿ ಇನ್ನೂ ಸ್ವಲ್ಪ ಮೇಲೆ ಹೋದ್ರೆ ಈಸಿ ಆಕ್ಸಿಸ್ (ಮ್ಯಾಗ್ನೆಟೈಸೇಶನ್ ಸಲೀಸಾಗಿ ನಿಲ್ಲೋ ದಿಕ್ಕು) ಸಿ-ಅಕ್ಷ ಬಿಟ್ಟು ವಾಲತ್ತೆ, ಆಗ ಲೂಪ್ ಸೂಜಿ ಥರ ಸಣ್ಣ ಆಗಿ ಎಚ್‌ಸಿ ಕೆಲವು ನೂರು ಓರ್‌ಸ್ಟೆಡ್‌ಗೆ ಬಂದು ನಿಲ್ಲತ್ತೆ, ಎಂಎಸ್ ಮಾತ್ರ ಅಷ್ಟು ಜೋರಾಗಿ ಬೀಳಲ್ಲ. ತಮಾಷೆ ಏನಂದ್ರೆ ಇದೇ ಕೋಬಾಲ್ಟ್ ಲ್ಯಾಂಥನಮ್ ಜೊತೆ ಸ್ವಲ್ಪವೇ ಹೋದ್ರೆ ಎಚ್‌ಎ ಏರಿಸತ್ತೆ, ಪರ್ಮನೆಂಟ್ ಮ್ಯಾಗ್ನೆಟ್ ಮಾಡೋರು ಆ ಜೋಡಿ ಹಿಂದೆ ಬಿದ್ದಿರೋದು ಅದಕ್ಕೇ. ಯಾವ ಲೋಹ ಅನ್ನೋದಕ್ಕಿಂತ ಅದು ಯಾರ ಜೊತೆ, ಯಾವ ಜಾಗದಲ್ಲಿ ಕೂತಿದೆ ಅನ್ನೋದು ಮುಖ್ಯ.

ಎಚ್‌ಎ ಹಾಗೇ ಇದ್ದು ಎಚ್‌ಸಿ ಮಾತ್ರ ಬಿದ್ದಿದ್ರೆ ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ) ತೆಗೆಸಿ. ಗ್ರೈನ್‌ಗಳು ಸುಮಾರು ಒಂದು ಮೈಕ್ರಾನ್ ದಾಟಿ ದಪ್ಪ ಆಗಿದ್ರೆ ಒಂದೇ ಡೊಮೈನ್ (ಒಂದೇ ದಿಕ್ಕಿಗೆ ಮ್ಯಾಗ್ನೆಟೈಸ್ ಆಗಿರೋ ಭಾಗ) ಆಗಿ ಉಳಿಯಲ್ಲ, ಡೊಮೈನ್ ವಾಲ್ ಸಲೀಸಾಗಿ ಓಡಾಡತ್ತೆ, ಎಚ್‌ಸಿ ಇಳಿಯತ್ತೆ. ಬಿಸ್ಮತ್, ಬೋರಾನ್ ಥರದ ಬೇಗ ಕರಗೋ ಆಕ್ಸೈಡ್ ಸೇರಿಸಿದ್ರೆ ದ್ರವ ಫೇಸ್ ಆಗಿ ಗ್ರೈನ್ ದಿಢೀರ್ ಬೆಳೀತಾವೆ, ಅಂಥಾ ಕಡೆ "ಬಿಸ್ಮತ್ ಅಯಾನು ಅನೈಸೊಟ್ರೋಪಿ ಇಳಿಸಿತು" ಅಂತ ಬರೆಯೋದು ಹಾಸ್ಯಾಸ್ಪದ. ಪರಿಹಾರ ಸಿಂಟರಿಂಗ್ ಟೆಂಪರೇಚರ್ ಇಳಿಸೋದು, ಹೊತ್ತು ಕಮ್ಮಿ ಮಾಡೋದು, ಇಲ್ಲಾ ಗ್ರೈನ್ ಬೆಳವಣಿಗೆ ತಡೆಯೋಕೆ ಸ್ವಲ್ಪವೇ ಸಿಲಿಕಾ ಹಾಕೋದು. ಗ್ರೈನ್ ಸಣ್ಣಗೇ ಇದ್ದೂ ಎಚ್‌ಸಿ ಬಿದ್ದಿದ್ರೆ, ಸುಟ್ಟಾದ್ಮೇಲೆ ಜೋರಾಗಿ ಬಾಲ್ ಮಿಲ್ ಮಾಡಿದ್ರಾ ಕೇಳ್ಕೊಳ್ಳಿ, ಮಿಲ್ಲಿಂಗ್‌ನಲ್ಲಿ ಹರಳು ಜಜ್ಜಿಹೋಗತ್ತೆ, ಒಂದು ಅನೀಲಿಂಗ್ (ಮತ್ತೆ ಬಿಸಿ ಮಾಡಿ ತಣಿಸೋದು) ಕೊಟ್ರೆ ಎಚ್‌ಸಿ ಬಹಳಷ್ಟು ವಾಪಸ್ ಬರತ್ತೆ. ಅನೀಲ್ ಮಾಡಿದ ಮೇಲೆ ವಾಪಸ್ ಬಂದಿದ್ದೇ ಸಾಕ್ಷಿ, ಡೋಪೆಂಟ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ ಅಂತ.

ಎಚ್‌ಸಿ ಕಾರಣ ಇಲ್ಲದೇ ಏರಿದೆ

ಇದನ್ನ ಯಾರೂ ದೋಷ ಅಂತ ನೋಡಲ್ಲ, ಖುಷಿಯಾಗಿ ಗ್ರಾಫ್ ಹಾಕ್ಬಿಡ್ತಾರೆ. ಎಚ್‌ಸಿ ಏರಿ ಎಂಎಸ್ ಇಳಿದಿದ್ರೆ ಅದು ಅಲ್ಯೂಮಿನಿಯಂ ಸಹಿ. ನೀವು ಅಲ್ಯೂಮಿನಿಯಂ ಹಾಕೇ ಇಲ್ವಾ? ಅಲ್ಯೂಮಿನಾ ಕ್ರೂಸಿಬಲ್‌ನಲ್ಲಿ 1200 °ಸೆ ಮೇಲೆ ಗಂಟೆಗಟ್ಟಲೆ ಇಟ್ಟಿದ್ರಾ, ಅಲ್ಯೂಮಿನಾ ಬಾಲ್‌ನಲ್ಲಿ ಅರೆದ್ರಾ? ಅಲ್ಲಿಂದ ಬಂದಿದೆ. ಪೆಲೆಟ್‌ನ (ಪುಡಿ ಒತ್ತಿ ಮಾಡಿದ ಬಿಲ್ಲೆ) ತಳ ಕ್ರೂಸಿಬಲ್‌ಗೆ ಕಚ್ಕೊಂಡಿದ್ರೆ ಬೇರೆ ಪುರಾವೆ ಬೇಡ. ಪ್ಲಾಟಿನಂ ಹಾಳೆ ಹಾಕಿ, ಇಲ್ಲಾ ಅದೇ ಪುಡಿಯ ಹಾಸು ಮಾಡಿ ಅದರ ಮೇಲೆ ಪೆಲೆಟ್ ಇಡಿ. ಸ್ಟೀಲ್ ಬಾಲ್ ಆದ್ರೆ ಕಬ್ಬಿಣ ಸೇರತ್ತೆ, ಅದು ರೇಶಿಯೋ ಕೆಡಿಸತ್ತೆ, ಮೊದಲೇ ಅದರ ಲೆಕ್ಕ ಹಿಡೀಬೇಕು.

ಲೂಪ್ ಸೊಂಟ ಸಣ್ಣ, ಸೊನ್ನೆ ಫೀಲ್ಡ್ ಹತ್ತಿರ ಮೆಟ್ಟಿಲು

ಗಟ್ಟಿ ಮ್ಯಾಗ್ನೆಟ್ ಜೊತೆ ಮೆತ್ತನೆ ಮ್ಯಾಗ್ನೆಟ್ ಒಂದು ಸೇರ್ಕೊಂಡಿದೆ, ಎರಡೂ ತಮ್ಮ ಪಾಡಿಗೆ ತಾವು ತಿರುಗ್ತಿವೆ. ಲೂಪ್‌ನ ಡೆರಿವೇಟಿವ್ ತೆಗೆದ್ರೆ ಎರಡು ಬೇರೆ ಬೇರೆ ಪೀಕ್ ಕಾಣತ್ತೆ. ಎಕ್ಸ್‌ಆರ್‌ಡಿಯಲ್ಲಿ ಸ್ಪಿನೆಲ್ ಹುಡುಕೋದು ಕಷ್ಟ, ಅದರ 30.1° ಪೀಕ್ ಎಂ-ಫೇಸ್‌ನ 30.3° ಪೀಕ್ ಮಗ್ಗುಲಲ್ಲೇ ಮಲಗಿರತ್ತೆ, 35.5° ಹತ್ತಿರದ್ದೂ ಹೆಚ್ಚುಕಮ್ಮಿ ಹಾಗೇ. ಬಿಸಿ ಮಾಡ್ತಾ ಮ್ಯಾಗ್ನೆಟೈಸೇಶನ್ ನೋಡೋದು ಒಳ್ಳೇದು. 450 ಆಸುಪಾಸಲ್ಲಿ, ಡೋಪ್ ಆಗಿದ್ರೆ ಇನ್ನೂ ಕೆಳಗೆ, ಎಂ-ಫೇಸ್ ಸತ್ತೋಗತ್ತೆ. ಅದಾದ್ಮೇಲೂ ಸಿಗ್ನಲ್ ಉಳಿದು 520 ಹತ್ತಿರ ಬಿದ್ರೆ ಕೋಬಾಲ್ಟ್ ಫೆರೈಟ್, 585 ತನಕ ಎಳೆದ್ರೆ ಮ್ಯಾಗ್ನೆಟೈಟ್.

ಒಂದು ಸಣ್ಣ ಎಚ್ಚರಿಕೆ, ಪುಡಿಯನ್ನ ಸಡಿಲ ತುಂಬಿದ್ರೆ ಕಣಗಳು ಫೀಲ್ಡ್ ಜೊತೆ ತಾವೇ ತಿರುಗಿ ಲೂಪ್ ಚಿತ್ರವಿಚಿತ್ರ ಆಗತ್ತೆ. ಅಡ್ಡಾದಿಡ್ಡಿ ಇರೋ ಸಿಂಗಲ್ ಡೊಮೈನ್ ಪುಡಿಯಲ್ಲಿ ರೆಮನೆನ್ಸ್-ಸ್ಯಾಚುರೇಶನ್ ಅನುಪಾತ (ರೆಮನೆನ್ಸ್ ಅಂದ್ರೆ ಫೀಲ್ಡ್ ತೆಗೆದ್ಮೇಲೂ ಉಳಿಯೋ ಮ್ಯಾಗ್ನೆಟೈಸೇಶನ್) 0.5ರ ಹತ್ತಿರ ಇರ್ಬೇಕು. 0.6, 0.7 ಬಂತು ಅಂದ್ರೆ ಖುಷಿ ಪಡೋ ಮುಂಚೆ ಪುಡಿಗೆ ಎಪಾಕ್ಸಿ ಅಥವಾ ಮೇಣ ಹಾಕಿ ಗಟ್ಟಿ ಮಾಡಿ ಮತ್ತೆ ಅಳೀರಿ. 0.5ಕ್ಕಿಂತ ಚೆನ್ನಾಗಿ ಕೆಳಗೆ ಬಂದ್ರೆ ದಪ್ಪ ಗ್ರೈನ್ ಅಥವಾ ಮೆತ್ತನೆ ಫೇಸ್.

ಚಾರ್ಜ್ ಲೆಕ್ಕ ತಪ್ಪಿದಾಗ

ಫೆರಿಕ್ ಜಾಗಕ್ಕೆ ಟೈಟೇನಿಯಂ ಒಂದನ್ನೇ ಹಾಕಿದ್ರೆ ಒಂದು ಚಾರ್ಜ್ ಹೆಚ್ಚಾಯ್ತು, ಅದನ್ನ ಸರಿದೂಗಿಸೋಕೆ ಕಬ್ಬಿಣ ತಾನೇ ಫೆರಸ್ ಆಗತ್ತೆ ಇಲ್ಲಾ ಲ್ಯಾಟಿಸ್‌ನಲ್ಲಿ ಖಾಲಿ ಜಾಗ ಹುಟ್ಟತ್ತೆ. ಬೇರಿಯಂ ಜಾಗಕ್ಕೆ ಲ್ಯಾಂಥನಮ್ ಒಂದೇ ಹೋದ್ರೂ ಅದೇ ಕಥೆ. ಇದರ ಗುರುತು ರೆಸಿಸ್ಟಿವಿಟಿಯಲ್ಲಿ, ಫೆರಸ್-ಫೆರಿಕ್ ಮಧ್ಯೆ ಎಲೆಕ್ಟ್ರಾನ್ ನೆಗೆದಾಡೋಕೆ ಶುರು ಮಾಡಿದ್ರೆ ರೆಸಿಸ್ಟಿವಿಟಿ ಹಲವು ಪಟ್ಟು ಬೀಳತ್ತೆ, ಡೈಎಲೆಕ್ಟ್ರಿಕ್ ಲಾಸ್ ಏರತ್ತೆ. ಮ್ಯಾಗ್ನೆಟಿಕ್ ಅಳತೆಗೆ ಮುಂಚೆ ಎರಡು ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ ರೆಸಿಸ್ಟೆನ್ಸ್ ನೋಡೋದು ಎಲ್ಲಕ್ಕಿಂತ ಅಗ್ಗದ ಟೆಸ್ಟ್. ತುಂಬಾ ಹೆಚ್ಚು ಟೆಂಪರೇಚರ್‌ನಲ್ಲಿ ಸುಟ್ಟು ಬೇಗ ತಣಿಸಿದ್ರೂ ಆಕ್ಸಿಜನ್ ಕಳ್ಕೊಂಡು ಹೀಗೇ ಆಗತ್ತೆ, ಆಕ್ಸಿಜನ್‌ನಲ್ಲಿ ಅನೀಲ್ ಮಾಡಿ ನಿಧಾನ ತಣಿಸಿದ್ರೆ ಅದು ಸರಿ ಹೋಗತ್ತೆ. ಸರಿ ಹೋಗ್ಲಿಲ್ಲ ಅಂದ್ರೆ ಅದು ಫಾರ್ಮುಲಾದಲ್ಲೇ ಇರೋ ಚಾರ್ಜ್ ಏರುಪೇರು, ಜೋಡಿ ಅಯಾನು ಸೇರಿಸದೇ ಬೇರೆ ದಾರಿ ಇಲ್ಲ.

ಜೋಡಿ ಹಾಕಿದ್ರೂ ಕೆಡೋ ಒಂದು ಜಾಗ ಇದೆ, ಲ್ಯಾಂಥನಮ್ ಆಕ್ಸೈಡ್ ಬಾಟಲಿ. ಗಾಳಿಯಲ್ಲಿಟ್ರೆ ಅದು ತೇವ ಹೀರಿ ಹೈಡ್ರಾಕ್ಸೈಡ್ ಆಗ್ತಾ ಹೋಗತ್ತೆ, ನೋಡೋಕೆ ಮುಂಚಿನ ಹಾಗೇ ಬಿಳಿ ಪುಡಿ. ಪೂರ್ತಿ ಹೈಡ್ರಾಕ್ಸೈಡ್ ಆಗಿರೋದನ್ನ ಆಕ್ಸೈಡ್ ಅಂತ ತೂಗಿದ್ರೆ ಲ್ಯಾಂಥನಮ್ 14 ಪರ್ಸೆಂಟ್ ಕಮ್ಮಿ, ಎಕ್ಸ್ 0.3 ಅಂತ ಲೇಬಲ್ ಹಚ್ಚಿರೋದು ಅಸಲಿಗೆ 0.26. ಕೋಬಾಲ್ಟ್ ಮಾತ್ರ ಪೂರ್ತಿ 0.3 ಇದೆ, ಜೋಡಿ ಸಿಗದ ಕೋಬಾಲ್ಟ್ ಹೊರಗೆ ಬಿದ್ದು ಸ್ಪಿನೆಲ್ ಆಗತ್ತೆ, ಆ ಸ್ಪಿನೆಲ್ ಲೂಪ್ ಸೊಂಟ ಹಿಂಡತ್ತೆ, ಎಚ್‌ಸಿ ಇಳಿಸತ್ತೆ, ಕೊನೆಗೆ "ಲ್ಯಾಂಥನಮ್-ಕೋಬಾಲ್ಟ್ ನಮ್ಮಲ್ಲಿ ಕೆಲಸ ಮಾಡ್ಲಿಲ್ಲ" ಅಂತ ತೀರ್ಮಾನ ಆಗತ್ತೆ. ತೂಗೋ ಮುಂಚೆ ಆಕ್ಸೈಡನ್ನ 1000 °ಸೆ ಹತ್ತಿರ ಸುಟ್ಟು, ಡೆಸಿಕೇಟರ್‌ನಲ್ಲಿ ತಣಿಸಿ, ಹೊರಗೆ ತೆಗೆದ ಕೂಡಲೇ ತೂಗಿ. ತಕ್ಕಡಿ ಮೇಲಿಟ್ಟಾಗ ಅಂಕಿ ನಿಧಾನಕ್ಕೆ ಏರ್ತಾನೇ ಇದ್ರೆ ಆ ಪುಡಿಯನ್ನ ಮತ್ತೆ ಫರ್ನೇಸ್‌ಗೆ ಹಾಕಿ.